ದೊಡ್ಡವರು ಮಲಗಲು ಮೆತ್ತನೆಯ ಗೂಡು: ಫೋಮ್ ಎಷ್ಟು ದಪ್ಪ ಇರಬೇಕು?

ಹಗಲುನಿದ್ದೆ:

ಎಲ್ಲರಿಗೂ ನಮಸ್ಕಾರ. ನನ್ನದು ರಾತ್ರಿ ಪಾಳಿ ಕೆಲಸ. ನಾನು ಮಲಗುವ ಹೊತ್ತಿಗೆ ಮನೆಯಲ್ಲಿ ಉಳಿದವರೆಲ್ಲ ಎದ್ದು ಓಡಾಡುತ್ತಿರುತ್ತಾರೆ. ಕಿಟಕಿಗೆ ದಪ್ಪ ಪರದೆ ಇದೆ. ಆದರೂ ಬಾಗಿಲ ಸಂದಿಯಿಂದ ಬೆಳಕು ಬರುತ್ತದೆ. ಮಾತು, ಟಿವಿ, ಪಾತ್ರೆ ಸದ್ದು ಎಲ್ಲವೂ ಕೇಳುತ್ತದೆ. ಅದಕ್ಕೇ ಕೋಣೆಯ ಒಂದು ಮೂಲೆಯಲ್ಲಿ ಮಲಗುವುದಕ್ಕೆಂದೇ ಒಂದು ಗೂಡು ಕಟ್ಟಬೇಕು ಅಂತ ಬಹಳ ದಿನದ ಆಸೆ. ಒಳಗೆ ಹೋದರೆ ಕತ್ತಲು, ಮೆತ್ತಗೆ, ಬೆಚ್ಚಗೆ ಇರಬೇಕು.

ಅಂದುಕೊಂಡಿರುವುದು ಹೀಗೆ. 7 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಎತ್ತರದ ಪ್ಲೈವುಡ್ ಪೆಟ್ಟಿಗೆ. ನೆಲ, ಗೋಡೆ, ಚಾವಣಿ ಎಲ್ಲಕ್ಕೂ 4 ಇಂಚಿನ ಫೋಮ್. ಒಂದು ಪಕ್ಕಕ್ಕೆ ಜಾರುವ ಬಾಗಿಲು, ಅದರ ಒಳಮೈಗೂ ಫೋಮ್. ಬಾಗಿಲು ಎಳೆದುಕೊಂಡರೆ ಹೊರಗಿನದು ಏನೂ ಒಳಗೆ ಬರಬಾರದು. ರಜೆಯ ದಿನ ನನ್ನ ಗಂಡನೂ ಒಳಗೆ ಕೂತು ಓದಬಹುದು.

ಇದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಅಳತೆ ಹಾಕಿ ಡ್ರಿಲ್ ಮಾಡುವುದು ನನಗೆ ಗೊತ್ತು. ಹೊಲಿಗೆ ಮಷಿನ್ ಇದೆ. ಯಾವ ಫೋಮ್ ತರಬೇಕು, ಯಾವ ಬಟ್ಟೆ, ಅಂಟಿಸುವುದಾ ಹೊಲಿಯುವುದಾ? ಫೋಮ್ ದಪ್ಪ ಮಾಡಿದಷ್ಟೂ ಸದ್ದು ಕಡಿಮೆ ಆಗುತ್ತದೆ ಅಲ್ವಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕಿರುದಾರಿ:

ಒಳ್ಳೆಯ ಯೋಚನೆ. ಆದರೆ ಬಾಗಿಲು ಬೇಡ, ಪರದೆ ಸಾಕು. ಇಂಥ ಗೂಡು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಜಪಾನಿನ ಕ್ಯಾಪ್ಸೂಲ್ ಹೋಟೆಲ್. ಅಂಥ ಮೊದಲ ಹೋಟೆಲ್ 1979ರಲ್ಲಿ ಒಸಾಕಾದಲ್ಲಿ ಶುರುವಾಯಿತು. ವಿನ್ಯಾಸ ಮಾಡಿದ್ದು ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿ. ಅಂಥ ಕಡೆ ಮಲಗುವ ಡಬ್ಬಿಯ ಬಾಯಿಗೆ ಸಾಮಾನ್ಯವಾಗಿ ಇರುವುದು ಪರದೆ ಅಥವಾ ಸುರುಳಿ ಚಾಪೆಯಂಥ ಮರೆ ಅಷ್ಟೇ. ಬೀಗ ಹಾಕುವ ಬಾಗಿಲು ಇರುವುದಿಲ್ಲ.

ಇನ್ನೊಂದು ಮಾತು. ಪ್ಲೈವುಡ್ ಕೊಯ್ಯುವ ಮೊದಲು ಅದೇ ಅಳತೆಗೆ ರಟ್ಟು, ಹಗ್ಗ, ಬೆಡ್‌ಶೀಟ್ ಕಟ್ಟಿ ಅದರೊಳಗೆ ಕೆಲವು ದಿನ ಮಲಗಿ ನೋಡಿ. ಚಿಕ್ಕ ಜಾಗದಲ್ಲಿ ಕೆಲವರಿಗೆ ಎದೆ ಬಿಗಿದಂತಾಗುತ್ತದೆ. ಎಚ್ಚರ ಇದ್ದಾಗ ಚೆನ್ನಾಗಿದೆ ಅನಿಸಿದರೂ ನಿದ್ದೆಗಣ್ಣಲ್ಲಿ ಎದ್ದಾಗ ಹಾಗೆ ಅನಿಸದೇ ಇರಬಹುದು. ಕಾಲು ಎಲ್ಲಿ ತಾಗುತ್ತದೆ, ಯಾವ ಕಡೆಯಿಂದ ಇಳಿಯುವುದು ಸುಲಭ, ಎಲ್ಲ ಆಗಲೇ ಗೊತ್ತಾಗುತ್ತದೆ.

ಸೂಜಿದಾರ:

ಹಗಲುನಿದ್ದೆ ಮೇಡಂ, ಸೋಫಾ, ಕುರ್ಚಿ, ವಾಹನದ ಸೀಟು ಇವಕ್ಕೆ ಕುಶನ್ ಕೂರಿಸುವುದೇ ನನ್ನ ಕೆಲಸ. ಹೀಗೆ ಗೋಡೆಗೆ ಮೆತ್ತೆ ಇರುವ ಮಲಗುವ ಮೂಲೆಗಳನ್ನೂ ಮಾಡಿಕೊಟ್ಟಿದ್ದೇನೆ, ನಮ್ಮ ಮನೆಯಲ್ಲೂ ಒಂದಿದೆ. ಫೋಮ್ ಮಾರಿ, ಕೊಯ್ದು, ಹೊಲಿದು ಬದುಕುವವನು ನಾನು. ಆದರೂ ನಿಮಗೆ ಹೇಳುವುದು ಒಂದೇ: ಮೈ ತಾಗುವ ಕಡೆ ಮಾತ್ರ ಫೋಮ್ ಹಾಕಿ. ಉಳಿದ ಜಾಗವನ್ನು ಗಾಳಿಗೆ ಬಿಡಿ.

ಮೊದಲು ಗಾಳಿಯ ಲೆಕ್ಕ ಮುಗಿಸೋಣ. ಇದು ಗಟ್ಟಿಯಾಗದೆ ಮೆತ್ತೆಯ ಮಾತು ಎತ್ತುವುದೇ ಬೇಡ. ಮಲಗಿರುವ ಒಬ್ಬ ದೊಡ್ಡ ವ್ಯಕ್ತಿ ಗಂಟೆಗೆ ಸುಮಾರು 12 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ನಿಮ್ಮ ಪೆಟ್ಟಿಗೆಯೊಳಗೆ ಫೋಮ್, ಹಾಸಿಗೆ, ನೀವು ಎಲ್ಲ ಹೋಗಿ ಉಳಿಯುವ ಗಾಳಿ ಹೆಚ್ಚೆಂದರೆ 1500 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 420 ಪಾಲು) ಆಸುಪಾಸು ಇರುತ್ತದೆ. ಪೆಟ್ಟಿಗೆಯನ್ನು ಸಂದಿಯಿಲ್ಲದೆ ಮುಚ್ಚಿದರೆ ಒಂದೇ ಗಂಟೆಯಲ್ಲಿ ಅದು 8000 ದಾಟುತ್ತದೆ. ಕೆಲಸದ ಜಾಗಗಳಿಗೆ ಎಂಟು ಗಂಟೆಯ ಸರಾಸರಿ ಮಿತಿ ಅಂತ ಹಲವು ದೇಶಗಳು ಇಟ್ಟಿರುವುದು 5000. ಇಬ್ಬರು ಒಳಗಿದ್ದರೆ ಅರ್ಧ ಗಂಟೆಗೇ 8000 ದಾಟುತ್ತದೆ. ಮೊದಲು ತಲೆನೋವು, ಜೋಂಪು, ಸೆಕೆ. ಆಮೇಲೆ ಇನ್ನೂ ಅಪಾಯ. ನಿದ್ದೆಯಲ್ಲಿ ಇದು ಗೊತ್ತಾಗುವುದಿಲ್ಲ. ಹಾಗಾಗಿ "ಏನೂ ಒಳಗೆ ಬರಬಾರದು" ಅನ್ನುವ ಬಾಗಿಲನ್ನು ದಯವಿಟ್ಟು ಮನಸ್ಸಿನಿಂದ ತೆಗೆದುಬಿಡಿ.

ಎರಡನೆಯದು ಬಿಸಿ. ಮಲಗಿದವರ ಮೈಯಿಂದ ಸುಮಾರು 70 ವ್ಯಾಟ್ ಶಾಖ ಬರುತ್ತದೆ. ಪೆಟ್ಟಿಗೆಯೊಳಗೆ ಹಳೆಯ ಕಾಲದ ಬಲ್ಬೊಂದನ್ನು ಇಡೀ ಹೊತ್ತು ಉರಿಸಿಟ್ಟ ಹಾಗೆ. ಸುತ್ತ 4 ಇಂಚು ಫೋಮ್ ಇದ್ದರೆ ಆ ಬಿಸಿ ಸುಲಭಕ್ಕೆ ಹೊರಗೆ ಹೋಗುವುದಿಲ್ಲ. ಜೊತೆಗೆ ಬೆವರು ಮತ್ತು ಉಸಿರಿನ ತೇವ. ಒಂದು ನಿದ್ದೆಗೆ ಒಂದು ದೊಡ್ಡ ಲೋಟ ನೀರಿನಷ್ಟು ತೇವ ಮೈಯಿಂದ ಹೊರಗೆ ಹೋಗುತ್ತದೆ. ಅದು ಹೋಗಿ ಸೇರುವುದು ಹಾಸಿಗೆಯ ಅಡಿಗೆ ಮತ್ತು ಫೋಮಿನ ಬೆನ್ನಿಗೆ. ಬೂಷ್ಟು ಶುರುವಾಗುವುದು ಅಲ್ಲೇ. ರಿಪೇರಿಗೆ ಬಂದ ಮೆತ್ತೆಗಳನ್ನು ಬಿಚ್ಚಿದಾಗ ಹಿಂಭಾಗದಲ್ಲಿ ಕಪ್ಪು ಚುಕ್ಕೆ ಎದ್ದಿರುವುದನ್ನು ನೋಡುತ್ತಲೇ ಇರುತ್ತೇನೆ. ಮುಂದಿನಿಂದ ನೋಡಿದರೆ ಹೊಸದರಂತೆ ಇರುತ್ತದೆ.

ಈಗ ಅಳತೆ. ಎತ್ತರ 3 ಅಡಿ ಸಾಲದು. ದೊಡ್ಡವರು ನೆಟ್ಟಗೆ ಕೂತರೆ ಹಾಸಿಗೆಯಿಂದ ನೆತ್ತಿಗೆ ಸುಮಾರು 3 ಅಡಿ ಬೇಕು. 6 ಇಂಚಿನ ಹಾಸಿಗೆ, ತಲೆ ಮೇಲೆ 6 ಇಂಚು ಜಾಗ ಸೇರಿಸಿದರೆ ಒಳಗಿನ ಎತ್ತರ 4 ಅಡಿ. ಉದ್ದ, ಅಗಲವನ್ನು ಹೊರ ಅಳತೆಯಾಗಿ 7×4 ಇಟ್ಟುಕೊಳ್ಳಿ. ಪ್ಲೈವುಡ್ ಹಾಳೆ ಬರುವುದೇ 8×4 ಅಡಿ. ಚಾವಣಿ ಒಂದೇ ಹಾಳೆಯಲ್ಲಿ ಆಗುತ್ತದೆ, ಜೋಡು ಬರುವುದಿಲ್ಲ. ಇದರಲ್ಲಿ ಇಬ್ಬರು ಆರಾಮಾಗಿ ಕೂರಬಹುದು. ಇಬ್ಬರೂ ಪೂರ್ತಿ ನಿದ್ದೆ ಮಾಡುವುದಾದರೆ 5 ಅಡಿ ಅಗಲ ಬೇಕು.

ನಾಲ್ಕು ಮೂಲೆಗೆ ನಾಲ್ಕು ಗಟ್ಟಿ ಮರದ ಕಂಬ ನಿಲ್ಲಿಸಿ. ಕೆಳಗಿನ ಚೌಕಟ್ಟನ್ನು ಕಂಬಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಬರೀ ಸ್ಕ್ರೂ ಬೇಡ. ಸ್ಕ್ರೂ ಬಿಚ್ಚಿ ಹಾಕಿ ಮಾಡಿದರೆ ಮರದಲ್ಲಿ ಹಿಡಿತ ಹೋಗುತ್ತದೆ. ಬಾಡಿಗೆ ಮನೆ ಅಂದಿರಿ, ನಾಳೆ ಮನೆ ಬದಲಿಸುವಾಗ ಇಡೀ ಗೂಡು ಬಾಗಿಲಲ್ಲಿ ಹಿಡಿಸುವುದಿಲ್ಲ. ಬೋಲ್ಟ್ ಆದರೆ ಬಿಚ್ಚಿ ಹಲಗೆಗಳನ್ನಾಗಿ ಒಯ್ಯಬಹುದು. ಗೂಡು ಮನೆಯ ಗೋಡೆಯಿಂದ 2 ಇಂಚು ದೂರ ನಿಲ್ಲಲಿ. ನೆಲದಿಂದ 8–10 ಇಂಚು ಎತ್ತರ ಇರಲಿ, ಪೊರಕೆ ಆಡಬೇಕು, ಗಾಳಿಯೂ ಆಡಬೇಕು.

ಹಾಸಿಗೆ ಕೆಳಗೆ ಇಡೀ ಪ್ಲೈವುಡ್ ಹಾಕಬೇಡಿ. 3 ಇಂಚು ಅಗಲದ ಮರದ ಪಟ್ಟಿ, ನಡುವೆ 2 ಇಂಚು ಸಂದಿ. ಉದ್ದಕ್ಕೆ ನಡುವಿನಲ್ಲಿ ಒಂದು ತೊಲೆ, ಅದರ ಮಧ್ಯಕ್ಕೆ ಒಂದು ಕಾಲು. ಇಬ್ಬರು ದೊಡ್ಡವರು, ಹಾಸಿಗೆ, ಎಲ್ಲ ಸೇರಿ 200 ಕೆ.ಜಿ. ಹತ್ತಿರ ಹೋಗುತ್ತದೆ. ಜೋರಾಗಿ ಕೂತಾಗ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಹಾಗಾಗಿ 300 ಕೆ.ಜಿ. ತಡೆಯುವ ಹಾಗೆ ಮಾಡಿ.

ಮೆತ್ತೆಗೆ ಬರೋಣ. ನನಗೆ ಇಷ್ಟದ ಭಾಗ ಇದು.

ಹಾಸಿಗೆಗೆ 40 ಡೆನ್ಸಿಟಿ ಫೋಮ್, 5–6 ಇಂಚು. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಅನ್ನುವುದು. ಕೈಯಲ್ಲಿ ಒತ್ತಿ ಗಟ್ಟಿ ಇದೆ ಅಂತ ತಗೋಬೇಡಿ. ಗಟ್ಟಿತನ ಬೇರೆ, ಡೆನ್ಸಿಟಿ ಬೇರೆ. ಕಡಿಮೆ ಡೆನ್ಸಿಟಿಯ ಗಟ್ಟಿ ಫೋಮ್ ಬೇಗ ಕುಳಿ ಬೀಳುತ್ತದೆ. ಗೋಡೆಗೆ 28–32 ಡೆನ್ಸಿಟಿಯ ಮೆದು ಫೋಮ್, ಒಂದೂವರೆ ಇಂಚು ಬೇಕಾದಷ್ಟಾಯಿತು. ತಲೆ ಕಡೆ ಒರಗಿ ಕೂರುವಲ್ಲಿ ಮಾತ್ರ 2 ಇಂಚು. ನೀವು ಹೇಳಿದಂತೆ ಎರಡೂ ಪಕ್ಕಕ್ಕೆ 4 ಇಂಚು ಹಾಕಿದರೆ ಅಗಲದಲ್ಲಿ 8 ಇಂಚು ಹೋಯಿತು, ಮಗ್ಗುಲು ಬದಲಿಸಲು ಜಾಗ ಸಾಲದು.

ಹಾಸಿಗೆಯ ಮೇಲೆ ಎರಡು ಅಡಿಯವರೆಗೆ ಗೋಡೆಗೆ ಮೆತ್ತೆ ಬರಲಿ. ಮೊಣಕೈ, ಭುಜ, ಮಂಡಿ, ಬೆನ್ನು ಎಲ್ಲವೂ ಅಷ್ಟರೊಳಗೆ ಬರುತ್ತವೆ. ಅದರ ಮೇಲೆ ಬರೀ ಮರ, ಅಥವಾ ಬಿಗಿಯಾಗಿ ಎಳೆದ ಹತ್ತಿ ಬಟ್ಟೆ. ಚಾವಣಿಗೆ ಫೋಮ್ ಬೇಡವೇ ಬೇಡ. ಬಿಸಿಗೆ ಅಂಟು ಬಿಟ್ಟು ಜೋತು ಬೀಳುತ್ತದೆ, ಹಳೆಯದಾದಂತೆ ಪುಡಿ ಉದುರಿ ಮೂಗಿಗೆ ಬರುತ್ತದೆ.

ಮೆತ್ತೆಯನ್ನು ನೇರ ಗೋಡೆಗೆ ಅಂಟಿಸಬೇಡಿ. ಎರಡು ಅಡಿ ಅಗಲದ ತುಂಡು ತುಂಡು ಪ್ಯಾನಲ್ ಮಾಡಿ. 6 ಎಂಎಂ ಪ್ಲೈ ಮೇಲೆ ಅಲ್ಲಲ್ಲಿ ಬೆರಳು ಗಾತ್ರದ ತೂತು ಕೊರೆಯಿರಿ. ಒರಗಿದಾಗ ಫೋಮಿನೊಳಗಿನ ಗಾಳಿ ಹಿಂದಕ್ಕೆ ಹೋಗಬೇಕು, ಎದ್ದಾಗ ವಾಪಸ್ ಬರಬೇಕು. ತೂತಿಲ್ಲದಿದ್ದರೆ ಬಟ್ಟೆಯ ಹೊಲಿಗೆ ಮೇಲೆ ಒತ್ತಡ ಬಿದ್ದು ಉಬ್ಬುತ್ತದೆ. ಫೋಮನ್ನು ಪ್ಲೈಗಿಂತ ಕಾಲು ಇಂಚು ದೊಡ್ಡದಾಗಿ ಕೊಯ್ಯಿರಿ, ಆಗ ಅಂಚಿಗೆ ಮರ ಚುಚ್ಚುವುದಿಲ್ಲ. ಹಲ್ಲಿರುವ ಉದ್ದನೆ ಬ್ರೆಡ್ ಚಾಕು ಇದ್ದರೆ ಸಾಕು, ಒತ್ತದೆ ಗರಗಸದಂತೆ ಎಳೆಯಬೇಕು. ಫೋಮ್ ಮೇಲೆ ತೆಳುವಾದ ಪಾಲಿಯೆಸ್ಟರ್ ಹತ್ತಿಯ ಹಾಳೆ ಹೊದಿಸಿ. ಬಟ್ಟೆ ಜಾರಾಡುವುದಿಲ್ಲ, ಮೂಲೆಗಳು ದುಂಡಗೆ ಬರುತ್ತವೆ.

ಬಟ್ಟೆ ಹತ್ತಿಯದು ಅಥವಾ ಲಿನನ್. ರೆಕ್ಸಿನ್ ಬೇಡ, ಬೆವರು ಅಂಟುತ್ತದೆ, ಗಾಳಿ ಆಡುವುದಿಲ್ಲ. ಕತ್ತರಿಸುವ ಮೊದಲು ಒಮ್ಮೆ ಒಗೆದು ಒಣಗಿಸಿ, ಸಂಕುಚಿಸುವುದೆಲ್ಲ ಆಗಲೇ ಮುಗಿಯಲಿ. ಪ್ರತಿ ಬದಿಗೂ 3 ಇಂಚು ಜಾಸ್ತಿ ಬಿಡಿ. ಸ್ಟೇಪಲ್ ಹೊಡೆಯುವಾಗ ನಾಲ್ಕೂ ಬದಿಯ ನಡುವಿಗೆ ಒಂದೊಂದು ಪಿನ್. ಆಮೇಲೆ ಎದುರು ಬದುರು ಎಳೆಯುತ್ತಾ ಮೂಲೆ ಕಡೆಗೆ ಬನ್ನಿ. ಒಂದೇ ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೇಯ್ಗೆ ಸೊಟ್ಟಗಾಗುತ್ತದೆ. ಮೂಲೆ ಕೊನೆಗೆ ಮಡಿಸಿ. ನಿಮ್ಮ ಬಳಿ ಮಷಿನ್ ಇದೆಯಲ್ಲ, ತಲೆ ಕಡೆಯ ಪ್ಯಾನಲ್‌ಗೆ ಸ್ಟೇಪಲ್ ಬದಲು ಜಿಪ್ ಇರುವ ಕವರ್ ಹೊಲಿಯಿರಿ. ಕೂದಲ ಎಣ್ಣೆ ತಾಗುವುದು ಅಲ್ಲಿಗೇ, ಆಗಾಗ ಒಗೆಯಬೇಕಾಗುತ್ತದೆ. ಪ್ಯಾನಲ್‌ಗಳನ್ನು ಅಗಲವಾದ ವೆಲ್ಕ್ರೋದಲ್ಲಿ ಗೋಡೆಗೆ ಕೂರಿಸಿ. ತಿಂಗಳಿಗೊಮ್ಮೆ ಕಿತ್ತು ಬಿಸಿಲಿಗೆ ಬೆನ್ನು ಮಾಡಿ ಇಟ್ಟರೆ ಬೂಷ್ಟಿನ ಭಯ ಇರುವುದಿಲ್ಲ.

ಸ್ಪ್ರೇ ಅಂಟು ಬಳಸಿದರೆ ಪ್ಯಾನಲ್‌ಗಳನ್ನು ಗಾಳಿ ಆಡುವ ಜಾಗದಲ್ಲಿ ಒಂದು ವಾರವಾದರೂ ಬಿಡಿ. ವಾಸನೆ ಪೂರ್ತಿ ಹೋಗುವವರೆಗೂ ಒಳಗೆ ಮಲಗಬೇಡಿ. ಪ್ಲೈವುಡ್‌ನಲ್ಲೂ ಇ0 ಅಥವಾ ಇ1 ಅಂತ ಇರುವುದನ್ನೇ ಕೇಳಿ ತನ್ನಿ. ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಕೆಟ್ಟ ಅನಿಲ ಕಡಿಮೆ ಬರುತ್ತದೆ.

ಹಗಲುನಿದ್ದೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಗಾಳಿಯ ಲೆಕ್ಕ ಓದಿ ಗಾಬರಿಯಾಯಿತು. ಬಾಗಿಲು ಬಿಟ್ಟೆ, ಪರದೆಯೇ ಇರಲಿ. ಆದರೆ ಪರದೆ, ತೂತು, ಸಂದಿ ಎಲ್ಲ ಇಟ್ಟರೆ ಬೆಳಕು, ಸದ್ದು ಮತ್ತೆ ಒಳಗೆ ಬರುವುದಿಲ್ಲವೇ? ಗೂಡು ಕಟ್ಟುವುದೇ ಅದಕ್ಕಾಗಿ. ಫ್ಯಾನ್ ಇಟ್ಟರೆ ಅದರದೇ ಸದ್ದು ಬೇರೆ.

ಸದ್ದಿಲ್ಲ:

ಇದಕ್ಕೆ ನಾನು ಉತ್ತರಿಸುತ್ತೇನೆ. ಸೌಂಡ್ ರೆಕಾರ್ಡಿಂಗ್ ಕೋಣೆಗಳ ಕೆಲಸ ಮಾಡುತ್ತೇನೆ.

ಫೋಮ್ ಸದ್ದು ತಡೆಯುವುದಿಲ್ಲ. ಒಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ಅಷ್ಟೇ. ಹೊರಗಿನ ಸದ್ದನ್ನು ತಡೆಯುವುದು ತೂಕ. ಗೋಡೆಯ ತೂಕ ಎರಡರಷ್ಟಾದರೆ ಹೆಚ್ಚೆಂದರೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಹಾಗಾಗಿ 4 ಇಂಚು ಫೋಮಿಗಿಂತ 18 ಎಂಎಂ ಪ್ಲೈವುಡ್ ಹೆಚ್ಚು ಕೆಲಸ ಮಾಡುತ್ತದೆ. ಪಾತ್ರೆಯ ಠಣ್ ಅನ್ನುವಂಥ ಸಣ್ಣ ದನಿ ಚೆನ್ನಾಗಿ ಕುಗ್ಗುತ್ತದೆ. ಧಡ್ ಅಂತ ಬಾಗಿಲು ಬಡಿದದ್ದು, ಟಿವಿಯ ಗುಂ ಅನ್ನುವ ದನಿ ಕೇಳಿಯೇ ಕೇಳುತ್ತದೆ. ಅದು ನೆಲದ ಮೂಲಕವೂ ಬರುತ್ತದೆ, ಕಾಲುಗಳ ಕೆಳಗೆ ದಪ್ಪ ರಬ್ಬರ್ ತುಂಡು ಇಡಿ.

ಗಾಳಿಯ ದಾರಿಯನ್ನು ನೇರ ಬಿಡಬೇಡಿ, ತಿರುವು ಕೊಡಿ. ಗಾಳಿ ಬಂದು ಹೋಗುವ ತೂತಿನ ಮುಂದೆ 2 ಇಂಚು ಬಿಟ್ಟು ಒಂದು ಹಲಗೆ ನಿಲ್ಲಿಸಿ, ಅದು ತೂತಿಗಿಂತ ಎಲ್ಲ ಕಡೆ 4 ಇಂಚು ದೊಡ್ಡದಿರಲಿ. ಒಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣದ ದಪ್ಪ ಉಣ್ಣೆ ಬಟ್ಟೆ ಅಂಟಿಸಿ. ಗಾಳಿ ಸುತ್ತಿಕೊಂಡು ಬರುತ್ತದೆ. ಬೆಳಕು ಆ ಕಪ್ಪು ಬಟ್ಟೆಗೆ ಬಡಿದು ಅಲ್ಲೇ ಮುಗಿಯುತ್ತದೆ. ಸಣ್ಣ ದನಿಗಳೂ ಅಲ್ಲಿ ಬಹಳಷ್ಟು ಕುಗ್ಗುತ್ತವೆ.

ಫ್ಯಾನಿಗೆ ಕಂಪ್ಯೂಟರಿನಲ್ಲಿ ಬಳಸುವ 120 ಎಂಎಂ, 12 ವೋಲ್ಟಿನ ಫ್ಯಾನ್ ತನ್ನಿ. ಒಬ್ಬರಿಗೆ ಒಳಗಿನ ಗಾಳಿ 1000 ಪಿಪಿಎಂ ಆಸುಪಾಸು ಇರಬೇಕಾದರೆ ಗಂಟೆಗೆ 20 ಘನ ಮೀಟರ್ ಹೊಸ ಗಾಳಿ ಬೇಕು. ಇಬ್ಬರಿಗೆ 40. ಈ ಫ್ಯಾನುಗಳು ಅಡ್ಡಿ ಇಲ್ಲದಿದ್ದರೆ ಅದರ ಎರಡರಷ್ಟು ತಳ್ಳುತ್ತವೆ, ಜಾಲರಿ ಮತ್ತು ತಿರುವಿನಲ್ಲಿ ಅರ್ಧ ಹೋದರೂ ಸಾಲುತ್ತದೆ. ಒಬ್ಬರೇ ಇದ್ದಾಗ ವೋಲ್ಟೇಜ್ ಇಳಿಸಿ ನಿಧಾನಕ್ಕೆ ಓಡಿಸಿ, ಸದ್ದು ಬಹುತೇಕ ಇರುವುದಿಲ್ಲ. ಕಾಲಿನ ಕಡೆ, ಕೆಳಗೆ ಕೂರಿಸಿ ಗಾಳಿ ಒಳಗೆ ತಳ್ಳುವ ಹಾಗಿರಲಿ. ತಲೆಯ ಕಡೆ, ಚಾವಣಿಯ ಅಂಚಿನಲ್ಲಿ ಹೊರಹೋಗುವ ದಾರಿ. ಬಿಸಿ ಗಾಳಿ ಮೇಲೇ ಇರುತ್ತದೆ, ಅಲ್ಲಿಂದಲೇ ಹೋಗಲಿ. ಫ್ಯಾನ್ ಮತ್ತು ಮರದ ನಡುವೆ ರಬ್ಬರ್ ವಾಷರ್ ಹಾಕಿ, ಇಲ್ಲದಿದ್ದರೆ ಪ್ಲೈವುಡ್ಡೇ ಗುಂಯ್ ಅನ್ನುತ್ತದೆ.

ಫ್ಯಾನಿನ ಮೆಲುವಾದ ಒಂದೇ ಸಮದ ಸದ್ದು ನಿಮಗೆ ಒಳ್ಳೆಯದೇ. ನಿದ್ದೆ ಕೆಡಿಸುವುದು ಥಟ್ಟನೆ ಏಳುವ ಸದ್ದು. ಹಿಂದೆ ಒಂದು ಸಮನಾದ ಸದ್ದಿದ್ದರೆ ಆ ಏರಿಳಿತ ಅಷ್ಟಾಗಿ ತಾಕುವುದಿಲ್ಲ.

ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ನೀವು ನಿದ್ದೆಯಲ್ಲಿರುತ್ತೀರಿ. ಅದಕ್ಕೇ ಪರದೆಯ ಮೇಲೂ ಕೆಳಗೂ 4 ಇಂಚು ಸಂದಿ ಪೂರ್ತಿ ಉದ್ದಕ್ಕೆ ತೆರೆದೇ ಇರಬೇಕು. ಅದರ ಮುಂದೆಯೂ ಇದೇ ರೀತಿ ಹಲಗೆ ನಿಲ್ಲಿಸಿ. ಒಂದು ಸಣ್ಣ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಕ್ಕರೆ ತಲೆ ಹತ್ತಿರ ಇಟ್ಟು, ಫ್ಯಾನ್ ಹಾಕಿ ಒಮ್ಮೆ, ಆರಿಸಿ ಒಮ್ಮೆ ನೋಡಿ. ಎನ್‌ಡಿಐಆರ್ ಅಂತ ಬರೆದಿರುವುದೇ ಆಗಲಿ, ಅದು ನಿಜವಾಗಿ ಈ ಅನಿಲವನ್ನೇ ಅಳೆಯುತ್ತದೆ.

ಸೂಜಿದಾರ:

ಸದ್ದಿಲ್ಲ ಅವರು ಬರೆದದ್ದು ಸರಿಯಾಗಿದೆ. ನಾನು ಬೆಂಕಿಯ ಮಾತು ಒಂದು ಸೇರಿಸುತ್ತೇನೆ, ಇದನ್ನು ಎಲ್ಲ ಗಿರಾಕಿಗಳಿಗೂ ಕೂರಿಸಿ ಹೇಳುತ್ತೇನೆ.

ಮಾಮೂಲಿ ಪಾಲಿಯುರೆಥೇನ್ ಫೋಮ್ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಇರುತ್ತವೆ. ಉರಿ ತಾಗುವ ಮೊದಲೇ ಹೊಗೆಯೇ ಜೀವ ತೆಗೆಯಬಹುದು. ಫೋಮ್ ಕಡಿಮೆ ಹಾಕಿ ಅಂತ ಮೊದಲಿನಿಂದ ಹೇಳುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ಒಳಗೆ ಮೇಣದಬತ್ತಿ, ಊದಿನಕಡ್ಡಿ, ಸಿಗರೇಟು, ಹೀಟರ್, ಬಿಸಿ ಮಾಡುವ ಹೊದಿಕೆ ಯಾವುದೂ ಬೇಡ. ಫೋನ್ ಚಾರ್ಜಿಂಗ್ ಹೊರಗಿನ ಕಪಾಟಿನಲ್ಲಿ. ದಿಂಬಿನ ಅಡಿಯಲ್ಲಿ ಅಂತೂ ಇಡಲೇಬಾರದು. ದೀಪಕ್ಕೆ 12 ವೋಲ್ಟಿನ ಎಲ್ಇಡಿ ಪಟ್ಟಿ, 2700 ಕೆಲ್ವಿನ್ ಹಳದಿ ಬೆಳಕು, ಅಡಾಪ್ಟರ್ ಗೂಡಿನ ಹೊರಗೆ. ಪಟ್ಟಿಯನ್ನು ಅಲ್ಯೂಮಿನಿಯಂ ಚಾನಲ್‌ನಲ್ಲಿ ಕೂರಿಸಿ, ಫೋಮ್ ಅಥವಾ ಬಟ್ಟೆಯ ಹಿಂದೆ ಹುದುಗಿಸಬೇಡಿ.

ಇಳಿಯುವ ಬಾಯಿ ಉದ್ದದ ಪಕ್ಕದಲ್ಲಿರಲಿ, ಕನಿಷ್ಠ 3 ಅಡಿ ಅಗಲ. ಪರದೆಗೆ ಚಿಲಕ, ಜಿಪ್, ಗುಂಡಿ ಏನೂ ಬೇಡ. ಕತ್ತಲಲ್ಲಿ ಕೈ ಚಾಚಿದರೆ ಸರಿಯಬೇಕು. ಕೋಣೆಯಲ್ಲಿ ಹೊಗೆ ಅಲಾರಂ ಹಾಕಿ. ನೀವು ಒಳಗೆ ಮಲಗಿ, ಫ್ಯಾನ್ ಹಾಕಿ, ಕಿವಿಗೆ ಏನಾದರೂ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಇಟ್ಟುಕೊಂಡು, ಹೊರಗಿನಿಂದ ಗಂಡನಿಗೆ ಅಲಾರಂ ಗುಂಡಿ ಒತ್ತಲು ಹೇಳಿ. ಕೇಳಿಸದಿದ್ದರೆ ಒಳಗೂ ಒಂದು ಬೇಕು.

ಮನೆಯಲ್ಲಿ ಹಸುಗೂಸು ಇದ್ದರೆ ಇದರೊಳಗೆ ಮಲಗಿಸಬೇಡಿ, ಒಂದು ಕ್ಷಣಕ್ಕೂ. ಮೆತ್ತನೆ ಗೋಡೆಗೆ ಮುಖ ಒತ್ತಿಕೊಂಡರೆ ಮಗು ತಿರುಗಿಸಿಕೊಳ್ಳಲಾರದು. ಅಮೆರಿಕದಲ್ಲಿ ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಗಳನ್ನೇ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ಇದು ದೊಡ್ಡವರ ಗೂಡು.

ಹಗಲುನಿದ್ದೆ:

ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ ಸರ್. ಈ ವಾರ ರಟ್ಟು ಕಟ್ಟಿ ಮಲಗಿ ನೋಡುತ್ತೇನೆ. ಒಂದೇ ಪ್ರಶ್ನೆ ಉಳಿಯಿತು. ಪರದೆಗೆ ಯಾವ ಬಟ್ಟೆ?

ಸೂಜಿದಾರ:

ಎರಡು ಪದರ. ಹೊರಗೆ ಬೆಳಕು ತಡೆಯುವ ಪರದೆ ಬಟ್ಟೆ, ಒಳಗೆ ಗಾಢ ಬಣ್ಣದ ದಪ್ಪ ಹತ್ತಿ. ಅಗಲ ಬಾಯಿಯ ಒಂದೂವರೆಯಷ್ಟಿರಲಿ, ನೆರಿಗೆ ಬಿದ್ದರೆ ಪಕ್ಕದ ಬೆಳಕು ನಿಲ್ಲುತ್ತದೆ. ಕೆಳ ಅಂಚಿನ ಮಡಿಕೆಯೊಳಗೆ ತೂಕಕ್ಕೆ ಸಣ್ಣ ಸರಪಳಿ ಹೊಲಿದುಬಿಡಿ, ಫ್ಯಾನ್ ಗಾಳಿಗೆ ಹಾರುವುದಿಲ್ಲ. ಪ್ಯಾನಲ್ ಶುರು ಮಾಡುವಾಗ ಕಾಲಿನ ಕಡೆಯದನ್ನು ಮೊದಲು ಮಾಡಿ. ಅದು ಅಷ್ಟು ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಕೈ ಪಳಗಿಸಿಕೊಂಡು ತಲೆ ಕಡೆಯದನ್ನು ಕೊನೆಗೆ ಹೊಲಿಯಿರಿ. ಮೂಲೆ ಮಡಿಕೆ ಹತ್ತಿರ ಸಿಕ್ಕಿಹಾಕಿಕೊಂಡರೆ ಫೋಟೋ ಹಾಕಿ, ಹೇಳುತ್ತೇನೆ.